ಅಮೀನ ಬಂದಾಗ ಬಾಗಿಲು ತೆರೆಯಿರಿ

(ಕಳೆದ ಭಾನುವಾರ ಸಂಜೆ ನಮ್ಮ ಪೇಟೆಯಲ್ಲಿ ಸೇರಿದ್ದ ಗಾರ್ಮೆಂಟ್ ಕೆಲಸಗಾರರು, ಖಾಸಗಿ ಶಾಲೆಗಳ ಉಪಾಧ್ಯಾಯರು ಮತ್ತು ಸಣ್ಣ ಅಂಗಡಿಯವರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ಸಭೆ ಕರೆದದ್ದು ಕೂಲಿಯ ಪ್ರಶ್ನೆಗಾಗಿ. ಆದರೆ ಕಳೆದ ಕೆಲವು ತಿಂಗಳಿಂದ ನಮ್ಮ ಕಚೇರಿಗೆ ಬರುವವರಲ್ಲಿ ಅನೇಕರು ಕೂಲಿಯ ಮಾತನ್ನು ಮುಗಿಸಿ, ಎದ್ದು ಹೋಗುವ ಹೊತ್ತಿಗೆ ಚೀಲದಿಂದ ಮಡಿಸಿದ ಒಂದು ಕಾಗದವನ್ನು ಹೊರಗೆ ತೆಗೆಯುತ್ತಾರೆ. ಸುತ್ತ ಯಾರಾದರೂ ನೋಡುತ್ತಾರೋ ಏನೋ ಎಂದು ಒಮ್ಮೆ ನೋಡಿಕೊಂಡು ಅದನ್ನು ಮೇಜಿನ ಮೇಲೆ ಇಡುತ್ತಾರೆ. ಅದು ಕೋರ್ಟಿನ ಸಮನ್ಸು. ಕ್ರೆಡಿಟ್ ಕಾರ್ಡಿನ ಬಾಕಿ ಕಟ್ಟಿಲ್ಲವೆಂದು ಬ್ಯಾಂಕು ಹೂಡಿದ ದಾವೆ. ಕೆಲವರು ಅದನ್ನು ತರುವ ಹೊತ್ತಿಗೆ ಹಾಜರಾಗಬೇಕಾದ ದಿನ ಕಳೆದೇ ಹೋಗಿರುತ್ತದೆ. ಆದಕಾರಣ ಈ ವಿಷಯವನ್ನು ಗುಟ್ಟಾಗಿ ಒಬ್ಬೊಬ್ಬರಿಗೆ ಹೇಳುವುದನ್ನು ಬಿಟ್ಟು, ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿಬಿಡುವುದೇ ಲೇಸೆಂದು ತೀರ್ಮಾನಿಸಿದ್ದೇವೆ.

ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳುತ್ತೇವೆ. ಊರಿನವರಿಗೆ ಬುದ್ಧಿ ಹೇಳಲು ನಿಂತವನು ತನ್ನ ಮನೆಯ ಬಾಗಿಲನ್ನು ಮುಚ್ಚಿಟ್ಟುಕೊಳ್ಳಬಾರದು.

2019ರಲ್ಲಿ ನಾವು ಒಂದು ಖಾಸಗಿ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದೆವು. ಬ್ಯಾಂಕಿನ ಪರವಾಗಿ ಒಬ್ಬ ಹುಡುಗ ಶಾಲೆಗೇ ಬಂದು, ಸಂಬಳದ ಚೀಟಿ ತೋರಿಸಿದರೆ ಸಾಕು ಎಂದು ಹೇಳಿ ಕಾರ್ಡು ಮಾಡಿಸಿಕೊಟ್ಟ. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿತು. ಸಂಬಳ ಮೊದಲು ಅರ್ಧವಾಯಿತು, ಆಮೇಲೆ ನಿಂತೇ ಹೋಯಿತು. ಅಕ್ಕಿ, ಎಣ್ಣೆ, ತಂದೆಯವರ ಔಷಧಿ ಎಲ್ಲವೂ ಆ ಕಾರ್ಡಿನ ಮೇಲೆಯೇ ಬಂದವು. ಒಟ್ಟು ಬಳಸಿದ್ದು 38,000 ರೂಪಾಯಿ. 2023ರಲ್ಲಿ ದಾವೆ ಬಂದಾಗ ಅದರಲ್ಲಿ ಕೇಳಿದ್ದ ಹಣ 1,16,400 ರೂಪಾಯಿ.

ಅಮೀನರು ಬಂದದ್ದು ಬೆಳಗಿನ ಹೊತ್ತು. ಕಿಟಕಿಯಿಂದ ನೋಡಿದೆವು. ಒಳಕೋಣೆಗೆ ಹೋಗಿ, ಆರು ವರ್ಷದ ಮಗಳನ್ನು ಕರೆದು, ಅಪ್ಪ ಊರಲ್ಲಿಲ್ಲವೆಂದು ಹೇಳು ಎಂದೆವು. ಮಗು ಹಾಗೆಯೇ ಹೇಳಿತು. ಸ್ವಲ್ಪವೂ ತಡವರಿಸಲಿಲ್ಲ. ಹತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನಾವು; ನಮ್ಮ ಮಗಳಿಗೆ ಅವತ್ತು ಹೇಳಿಕೊಟ್ಟ ಪಾಠ ಅದು.

ಅಮೀನರು ಸಿಟ್ಟಾಗಲಿಲ್ಲ. ನಮ್ಮ ಮನೆಯವರು ಬಾಗಿಲಿಗೆ ಬಂದಾಗ, “ಇದು ಪೊಲೀಸು ಅಲ್ಲಮ್ಮ, ಬರೀ ಕಾಗದ. ಈಸ್ಕೊಂಡರೆ ನೀವು ಓದ್ತೀರಿ. ಬೇಡ ಅಂದರೆ ಬಾಗಿಲಿಗೆ ಅಂಟಿಸಿ ಹೋಗ್ತೀನಿ, ಬೀದಿಯವರೆಲ್ಲ ಓದ್ತಾರೆ” ಎಂದರು. ಮನೆಯವರು ಸಹಿ ಹಾಕಿ ತೆಗೆದುಕೊಂಡರು. ಆಕೆ ತೆಗೆದುಕೊಳ್ಳದಿದ್ದರೆ ಇವತ್ತು ನಾವು ಈ ವೇದಿಕೆಯಲ್ಲಿ ನಿಂತು ಬೇರೆಯೇ ಕಥೆಯನ್ನು ಹೇಳಬೇಕಾಗುತ್ತಿತ್ತು.

ಸಂಗಾತಿಗಳೇ, ಈ ಸಾಲ ಬೆಳೆಯುವ ಬಗೆಯನ್ನು ನೋಡಿ. ಹಳ್ಳಿಯಲ್ಲಿ ಸಾಹುಕಾರ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ನಾವು ಹಲ್ಲು ಕಡಿಯುತ್ತೇವೆ. ಕ್ರೆಡಿಟ್ ಕಾರ್ಡಿನ ಬಡ್ಡಿ ಅನೇಕ ಬ್ಯಾಂಕುಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರೂವರೆಯ ಆಸುಪಾಸಿನಲ್ಲಿದೆ. 40,000 ರೂಪಾಯಿ ಬಾಕಿ ಇದೆಯೆನ್ನಿ. ತಿಂಗಳ ಬಡ್ಡಿ 1,400 ರೂಪಾಯಿ. ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 252 ರೂಪಾಯಿ. ಕನಿಷ್ಠ ಬಾಕಿಯೆಂದು ಬಿಲ್ಲಿನಲ್ಲಿ ತೋರಿಸಿದ ನೂರಕ್ಕೆ ಐದರಂತೆ ನೀವು 2,000 ರೂಪಾಯಿ ಕಟ್ಟಿದಿರಿ; ಸಾಲಕ್ಕೆ ಹೋದದ್ದು 348 ರೂಪಾಯಿ ಮಾತ್ರ. ಮಿಕ್ಕ 1,652 ರೂಪಾಯಿ ಬಡ್ಡಿ ಮತ್ತು ತೆರಿಗೆಯ ಬಾಯಿಗೆ. ಒಂದು ತಿಂಗಳು ಅದನ್ನೂ ಕಟ್ಟದಿದ್ದರೆ ತಡವಾದ ದಂಡ ಬೇರೆ. ದುಡಿದು ತಿನ್ನುವವನು ಈ ಲೆಕ್ಕದಲ್ಲಿ ಹಿಂದೆ ಬಿದ್ದರೆ ಅದು ಅವನ ದುರ್ನಡತೆಯಲ್ಲ. ಮೊದಲು ಈ ನಾಚಿಕೆಯನ್ನು ಕಳಚಿಡಿ. ಸಮನ್ಸನ್ನು ಮುಚ್ಚಿಡುವಂತೆ ಮಾಡುವುದು ಈ ನಾಚಿಕೆಯೇ.

ಸಮನ್ಸು ಎಂದರೇನು? ನಿಮ್ಮ ಮೇಲೆ ಒಬ್ಬರು ಇಂಥ ದೂರು ತಂದಿದ್ದಾರೆ, ಬಂದು ನಿಮ್ಮ ಉತ್ತರ ಹೇಳಿ, ಎಂದು ನ್ಯಾಯಾಲಯ ಕರೆಯುವ ಕರೆ. ಅದು ತೀರ್ಪಲ್ಲ, ಶಿಕ್ಷೆಯೂ ಅಲ್ಲ. ಅದರ ಮೇಲೆ ಕೋರ್ಟಿನ ಮೊಹರು, ನ್ಯಾಯಾಧೀಶರ ಅಥವಾ ಕೋರ್ಟಿನ ಅಧಿಕಾರಿಯ ಸಹಿ, ದಾವೆಯ ನಂಬರು, ಹಾಜರಾಗಬೇಕಾದ ದಿನ ಇರುತ್ತವೆ. ಜೊತೆಯಲ್ಲಿ ಬ್ಯಾಂಕಿನ ವಾದಪತ್ರದ ನಕಲು ಇರಬೇಕು. ವಸೂಲಿಯವರು ಮೊಬೈಲಿಗೆ ಕಳಿಸುವ, ಮೇಲೆ ತಕ್ಕಡಿಯ ಚಿತ್ರ, ಕೆಳಗೆ ‘ಅರೆಸ್ಟ್ ವಾರಂಟ್’ ಎಂದು ಕೆಂಪಕ್ಷರ ಹಾಕಿದ ಕಾಗದ ಸಮನ್ಸಲ್ಲ. ಅನುಮಾನವಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ದಾವೆಯ ನಂಬರು ಹಾಕಿ ನೋಡಬಹುದು. ಇಲ್ಲವೇ ನ್ಯಾಯಾಲಯದ ಕಚೇರಿಗೆ ಹೋಗಿ ಕೇಳಬಹುದು. ಸುಳ್ಳು ಕಾಗದಕ್ಕೆ ಹೆದರಬೇಡಿ. ಆದರೆ ನಿಜವಾದ ಕಾಗದವನ್ನು ಸುಳ್ಳೆಂದು ಎಸೆಯಲೂ ಬೇಡಿ.

ತೆಗೆದುಕೊಳ್ಳದಿದ್ದರೆ ಏನಾಗುತ್ತದೆಂದು ಕೆಲವರು ಕೇಳುತ್ತಾರೆ. ಏನೂ ಉಳಿಯುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ನಿಮ್ಮ ಜೊತೆ ವಾಸವಾಗಿರುವ ಕುಟುಂಬದ ವಯಸ್ಕರು ಯಾರೇ ಆಗಲಿ, ಹೆಂಗಸಾಗಲಿ ಗಂಡಸಾಗಲಿ, ನಿಮ್ಮ ಪರವಾಗಿ ಸಮನ್ಸು ತೆಗೆದುಕೊಳ್ಳಬಹುದು. ಬೇಡವೆಂದು ತಿರಸ್ಕರಿಸಿದರೆ ಜಾರಿಯಾಯಿತೆಂದೇ ಕೋರ್ಟು ಘೋಷಿಸಬಹುದು. ಬಾಗಿಲಿಗೆ ಅಂಟಿಸಬಹುದು, ಪತ್ರಿಕೆಯಲ್ಲಿ ಪ್ರಕಟಿಸಬಹುದು. ದಾವೆ ಮಾತ್ರ ನಿಲ್ಲುವುದಿಲ್ಲ. ನೀವು ಬರಲಿಲ್ಲವೆಂದು ಬರೆದುಕೊಂಡು ಮುಂದೆ ಹೋಗುತ್ತದೆ. ಆಗ ಬ್ಯಾಂಕು ಹೇಳಿದ್ದನ್ನು ಅಲ್ಲಗಳೆಯುವವರು ಯಾರೂ ಇಲ್ಲ, ಏಕಪಕ್ಷೀಯ ಡಿಕ್ರಿಯಾಗುತ್ತದೆ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೋರ್ಟಿಗೆ ತಾನಾಗಿ ವ್ಯಾಜ್ಯ ಹೊತ್ತುಕೊಂಡು ಹೋಗುವವನಿಗೆ ಆ ಮಾತು ಸರಿ. ಆದರೆ ಕರೆ ಬಂದ ಮೇಲೂ ಹೋಗದವನ ವಿಷಯವನ್ನು ಆ ಗಾದೆ ಹೇಳುವುದಿಲ್ಲ. ಅವನು ವಾದಿಸದೆಯೇ ಸೋತವನು.

ಇನ್ನು ಹೋಗುವುದು ಹೇಗೆ? ದಿನಗಳ ಲೆಕ್ಕವನ್ನು ಮೊದಲು ತಿಳಿಯಿರಿ. ಸಾಮಾನ್ಯ ದಾವೆಯಾದರೆ ಸಮನ್ಸು ತಲುಪಿದ 30 ದಿನಗಳೊಳಗೆ ಲಿಖಿತ ಹೇಳಿಕೆಯನ್ನು, ಅಂದರೆ ನಿಮ್ಮ ತಕರಾರನ್ನು, ಕೊಡಬೇಕು. ಕಾರಣ ಹೇಳಿ ಕೇಳಿಕೊಂಡರೆ ಕೋರ್ಟು ಹೆಚ್ಚೆಂದರೆ 90 ದಿನಗಳವರೆಗೆ ಅವಕಾಶ ಕೊಡಬಹುದು. ಆದರೆ ಕೆಲವು ಸಾಲದ ದಾವೆಗಳನ್ನು ಸಂಹಿತೆಯ 37ನೆಯ ಆದೇಶದ ಕೆಳಗೆ ಸಂಕ್ಷಿಪ್ತ ದಾವೆಯೆಂದು ಹೂಡುತ್ತಾರೆ. ಅದರಲ್ಲಿ 10 ದಿನಗಳೊಳಗೆ ಹಾಜರಿ ಹಾಕಬೇಕು. ಆಮೇಲೆ ತೀರ್ಪಿಗಾಗಿ ಇನ್ನೊಂದು ಸಮನ್ಸು ಬಂದಾಗ ಮತ್ತೆ 10 ದಿನಗಳೊಳಗೆ, ನಮ್ಮಲ್ಲಿ ಹೇಳಬೇಕಾದ ನಿಜವಾದ ಪ್ರತಿವಾದವಿದೆ, ಅನುಮತಿ ಕೊಡಿ ಎಂದು ಪ್ರಮಾಣಪತ್ರದೊಡನೆ ಅರ್ಜಿ ಹಾಕಬೇಕು. ಆದಕಾರಣ ಕಾಗದ ಕೈಗೆ ಬಂದ ದಿನವೇ ಅದರ ಹಿಂಬದಿಯಲ್ಲಿ ತಾರೀಖು ಬರೆದಿಡಿ.

ವಕೀಲರಿಗೆ ಕೊಡಲು ಹಣವೆಲ್ಲಿ ಎನ್ನುತ್ತೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು, ಅಂಗವಿಕಲರು, ಗೊತ್ತುಪಡಿಸಿದ ಮಿತಿಗಿಂತ ಕಡಮೆ ವರಮಾನದವರು ಉಚಿತ ವಕೀಲರನ್ನು ಕೇಳಲು ಹಕ್ಕುಳ್ಳವರು. ಈ ಸಭೆಯಲ್ಲಿ ಕುಳಿತವರಲ್ಲಿ ಬಹುಪಾಲು ಜನ ಇದರಲ್ಲಿ ಯಾವುದಾದರೊಂದಕ್ಕೆ ಸೇರುತ್ತೀರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ಹೋಗಿ ಅರ್ಜಿ ಕೊಡಿ. ಅದು ಭಿಕ್ಷೆಯಲ್ಲ. ವಕೀಲರಿಲ್ಲದೆ ಸ್ವತಃ ನಿಂತು ಹೇಳುವ ಹಕ್ಕೂ ನಿಮಗಿದೆ. ಬ್ಯಾಂಕಿನ ವಾದಪತ್ರ ಇಂಗ್ಲಿಷಿನಲ್ಲಿದ್ದರೆ ಗಾಬರಿಯಾಗಬೇಡಿ. ನಮ್ಮ ಜಿಲ್ಲೆಯ, ತಾಲ್ಲೂಕಿನ ಕೋರ್ಟುಗಳಲ್ಲಿ ನಿಮ್ಮ ಉತ್ತರವನ್ನು ಕನ್ನಡದಲ್ಲೇ ಕೊಡಬಹುದು.

ಉತ್ತರದಲ್ಲಿ ಏನು ಬರೆಯಬೇಕು? ಇಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು, ‘ಎಲ್ಲಾ ಸುಳ್ಳು’ ಎಂದು ಒಂದೇ ಮಾತು ಬರೆದು ಕೊಡುವುದು. ಕಾನೂನು ಅದನ್ನು ಒಪ್ಪುವುದಿಲ್ಲ. ವಾದಪತ್ರದ ಪ್ರತಿಯೊಂದು ಮಾತಿಗೂ ಬಿಡಿಬಿಡಿಯಾಗಿ ಉತ್ತರ ಕೊಡಬೇಕು. ಜಾರಿಕೊಳ್ಳುವ ಉತ್ತರವನ್ನು ಒಪ್ಪಿಗೆಯೆಂದೇ ತೆಗೆದುಕೊಳ್ಳಬಹುದು. ಪರೀಕ್ಷೆಯ ಪ್ರಶ್ನೆಪತ್ರಿಕೆಯಂತೆ ಒಂದೊಂದೇ ಪ್ರಶ್ನೆಗೆ ಬರೆಯಿರಿ. ಕಾರ್ಡು ತೆಗೆದುಕೊಂಡದ್ದು ನಿಜವೇ? ನಿಜವಾದರೆ ಒಪ್ಪಿಕೊಳ್ಳಿ. ಬಳಸಿದ್ದು ಎಷ್ಟು? ಕಟ್ಟಿದ್ದು ಎಷ್ಟು, ಯಾವಾಗ? ಕಟ್ಟಿದ್ದೆಲ್ಲ ಜಮೆಯಾಗಿದೆಯೇ? ನೀವು ಮಾಡದ ಖರ್ಚು ಸೇರಿದೆಯೇ? ನೀವು ಕೇಳದ ವಿಮೆಯ ಕಂತು ಹಾಕಿದ್ದಾರೆಯೇ? 2022ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನದಲ್ಲಿ, ಕೇಳದವರಿಗೆ ಕಾರ್ಡು ಕೊಡಬಾರದೆಂದೂ, ಕಟ್ಟದೆ ಉಳಿದ ದಂಡ ಶುಲ್ಕ ತೆರಿಗೆಗಳನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಬಾರದೆಂದೂ ಹೇಳಿತ್ತು. ನಿಮ್ಮ ಲೆಕ್ಕದಲ್ಲಿ ಹಾಗೆ ಮಾಡಿದ್ದಾರೆಯೇ ನೋಡಿ. ಬ್ಯಾಂಕಿನ ಪುಸ್ತಕದಲ್ಲಿ ಬರೆದಿದೆಯೆಂಬುದೊಂದೇ ಒಬ್ಬನ ಮೇಲೆ ಹೊಣೆ ಹೊರಿಸಲು ಸಾಲದೆಂದು ಸಾಕ್ಷ್ಯದ ಕಾನೂನು ಹೇಳುತ್ತದೆ. ಆದಕಾರಣ ಕರಾರುಪತ್ರ ತೋರಿಸಿ, ತಿಂಗಳು ತಿಂಗಳಿನ ಲೆಕ್ಕ ತೋರಿಸಿ ಎಂದು ಕೇಳಿ.

ಕಾಲಮಿತಿಯನ್ನೂ ನೋಡಿ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಇಂಥ ಹಣದ ದಾವೆಗೆ ಮೂರು ವರ್ಷ. ಅವಧಿ ಮುಗಿಯುವ ಮೊದಲು ನೀವು ಸಾಲವನ್ನು ಬರಹದಲ್ಲಿ ಒಪ್ಪಿಕೊಂಡಿದ್ದರೆ, ಅಥವಾ ಒಂದಿಷ್ಟು ಕಟ್ಟಿ ಅದಕ್ಕೆ ನಿಮ್ಮ ಕೈಬರಹದ ಇಲ್ಲವೇ ಸಹಿಯ ಗುರುತಿದ್ದರೆ, ಮೂರು ವರ್ಷದ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅವಧಿ ತೀರಿದ ಮೇಲೂ ಸಹಿ ಹಾಕಿ ಕೊಡುತ್ತೇನೆಂದು ಬರೆದುಕೊಟ್ಟರೆ ಸತ್ತ ಸಾಲಕ್ಕೆ ಜೀವ ಬರುತ್ತದೆ. ವಸೂಲಿಯವರು, ಸುಮ್ಮನೆ ಐನೂರು ಕೊಡಿ, ಇಲ್ಲೊಂದು ಸಹಿ ಹಾಕಿ ಎಂದಾಗ ಯೋಚಿಸಿ.

ಇಷ್ಟು ಹೇಳಿದ ಮೇಲೆ, ಯಾವ ಮಾತು ನಡೆಯುವುದಿಲ್ಲವೆಂಬುದನ್ನೂ ಹೇಳದಿದ್ದರೆ ನಾವು ನಿಮಗೆ ಮೋಸ ಮಾಡಿದಂತಾಗುತ್ತದೆ. ‘ಬಡ್ಡಿ ವಿಪರೀತವಾಗಿದೆ, ಕಡಮೆ ಮಾಡಿಸಿ’ ಎಂಬ ಮಾತೊಂದರಿಂದಲೇ ಬ್ಯಾಂಕಿನ ದಾವೆ ಬೀಳುವುದಿಲ್ಲ. ಲೇವಾದೇವಿಗಾರನ ಬಡ್ಡಿಗೆ ಮೇರೆ ಹಾಕಲು ನಮ್ಮ ರಾಜ್ಯದಲ್ಲಿ 1961ರ ಕಾಯಿದೆಯಿದೆ. ಬ್ಯಾಂಕಿಗೆ ಆ ಮೇರೆಯಿಲ್ಲ. ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯಲ್ಲಿ 21ಎ ಎಂಬ ಒಂದು ವಿಧಿಯಿದೆ. ಬಡ್ಡಿ ಹೆಚ್ಚಾಯಿತೆಂಬ ಕಾರಣಕ್ಕೆ ಬ್ಯಾಂಕು ಮತ್ತು ಸಾಲಗಾರನ ವ್ಯವಹಾರವನ್ನು ಯಾವ ನ್ಯಾಯಾಲಯವೂ ಮತ್ತೆ ತೆರೆದು ನೋಡಬಾರದೆಂದು ಅದು ಹೇಳುತ್ತದೆ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಕ್ರೆಡಿಟ್ ಕಾರ್ಡಿಗೆ ವರ್ಷಕ್ಕೆ ನೂರಕ್ಕೆ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಮಾಡಿತು. ಹಳ್ಳಿಯ ಸಾಹುಕಾರನ ಕೈಗೆ ಹಗ್ಗ, ಪಟ್ಟಣದ ಸಾಹುಕಾರನ ಕೈಗೆ ಕೀಲಿಕೈ! ಇದನ್ನು ಬದಲಾಯಿಸಬೇಕಾದದ್ದು ಶಾಸನ ಮಾಡುವ ಸಭೆಯಲ್ಲಿ. ಅದಕ್ಕಾಗಿ ನಾವು ಬೀದಿಯಲ್ಲಿ ಕೂಗುತ್ತೇವೆ, ಕೂಗಲೇಬೇಕು. ಆದರೆ ನಾಳೆ ಹತ್ತೂವರೆಗೆ ನಿಮ್ಮ ದಾವೆ ಕೂಗಿದಾಗ ಆ ಘೋಷಣೆ ಉತ್ತರವಾಗುವುದಿಲ್ಲ. ಅಲ್ಲಿ ಬೇಕಾದದ್ದು ರಸೀತಿ, ತಾರೀಖು, ಲೆಕ್ಕ.

ಹಾಗಾದರೆ ಕೊಡಬೇಕಾದದ್ದು ನಿಜವೇ ಆಗಿದ್ದು, ಕೊಡಲು ಕೈಯಲ್ಲಿ ಇಲ್ಲದವನು ಕೋರ್ಟಿಗೆ ಹೋಗಿ ಏನು ಪ್ರಯೋಜನ? ಪ್ರಯೋಜನವಿದೆ, ಅವನಿಗೇ ಹೆಚ್ಚು. ಡಿಕ್ರಿ ಮಾಡುವ ಹೊತ್ತಿನಲ್ಲಿ ತಕ್ಕ ಕಾರಣವಿದ್ದರೆ ಹಣವನ್ನು ಕಂತುಗಳಲ್ಲಿ ಕಟ್ಟಲು ಕೋರ್ಟೇ ಅಪ್ಪಣೆ ಕೊಡಬಹುದು. ಡಿಕ್ರಿಯಾಗಿ ಹೋದ ಮೇಲೆ ಕಂತು ಬೇಕೆಂದರೆ ಬ್ಯಾಂಕು ಒಪ್ಪಬೇಕು. ಒಂದೇ ದಿನದ ಹಿಂದು ಮುಂದಿನಲ್ಲಿ ಕೇಳುವ ಬಾಗಿಲೇ ಬೇರೆಯಾಗುತ್ತದೆ. ಲೋಕ ಅದಾಲತ್ತಿನಲ್ಲಿ ರಾಜಿಯೂ ಆಗಬಹುದು. ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿಯಿಲ್ಲ. ಆದ್ದರಿಂದ ತಿಂಗಳಿಗೆ ನಿಜವಾಗಿ ಎಷ್ಟು ಕಟ್ಟಬಲ್ಲಿರೋ ಅಷ್ಟನ್ನೇ ಒಪ್ಪಿಕೊಳ್ಳಿ. ಕೋರ್ಟಿನ ಹೊರಗೆ ರಾಜಿಯಾದರೂ ಬರಹದಲ್ಲಿ ಪಡೆಯಿರಿ, ಬಾಕಿಯಿಲ್ಲವೆಂಬ ಪತ್ರ ಕೈಗೆ ಬರುವವರೆಗೆ ಬಿಡಬೇಡಿ, ದಾವೆ ಮುಗಿಯಿತೆಂದು ಕೋರ್ಟಿನಲ್ಲಿ ದಾಖಲಾಗಿದೆಯೇ ನೋಡಿಕೊಳ್ಳಿ.

ಇನ್ನು ಜೈಲಿನ ಭಯ. ಸಾಲ ತೀರಿಸಲಾಗದ ಬಡತನ ಅಪರಾಧವಲ್ಲ. ಡಿಕ್ರಿಯಾದ ಮೇಲೆ ಸಿವಿಲ್ ಜೈಲೆಂಬುದು ಕಾನೂನಿನಲ್ಲಿ ಇದೆ. ಆದರೆ ಹಣವಿದ್ದೂ ಕೊಡದೆ ಆಟವಾಡುವವನಿಗೆ, ಆಸ್ತಿ ಮರೆಮಾಡುವವನಿಗೆ, ತಪ್ಪಿಸಿಕೊಂಡು ಓಡುವವನಿಗೆ. ಅದೂ ಅವನ ಮಾತು ಕೇಳಿ, ಕಾರಣ ಬರೆದ ಮೇಲೆ. ಕೈಯಲ್ಲಿ ಇಲ್ಲದ್ದರಿಂದ ಕಟ್ಟಲಾರದವನನ್ನು ಜೈಲಿಗೆ ಹಾಕಬಾರದೆಂದು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತೀರ್ಪು ಕೊಟ್ಟರು. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಒಂದು ಎಚ್ಚರಿಕೆ ಮಾತ್ರ: ನೀವು ಕೊಟ್ಟ ಚೆಕ್ಕು ವಾಪಸಾಗಿ ಅದರ ಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಸಮನ್ಸು ಬಂದಿದ್ದರೆ ಅದು ಕ್ರಿಮಿನಲ್ ಮೊಕದ್ದಮೆ. ಅದಕ್ಕೆ ಹೋಗದಿದ್ದರೆ ವಾರಂಟ್ ಹೊರಡಬಹುದು. ಕಾಗದ ಯಾವ ಕೋರ್ಟಿನದೆಂದು ಮೊದಲು ಓದಿ.

ಜಪ್ತಿಗೂ ಮೇರೆಯಿದೆ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕಸುಬಿನವನ ಹತ್ಯಾರು, ರೈತನ ಉಳುವ ಸಾಮಾನು ಇವನ್ನು ಮುಟ್ಟುವಂತಿಲ್ಲ. ಕೂಲಿಕಾರರ, ಮನೆಗೆಲಸದವರ ಕೂಲಿಯನ್ನು ಜಪ್ತಿ ಮಾಡುವಂತಿಲ್ಲ. ಸಂಬಳದವನಾದರೆ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಅವನದೇ. 19,000 ಸಂಬಳದವನ 13,000 ರೂಪಾಯಿಗೆ ರಕ್ಷಣೆಯಿದೆ. ಮಿಕ್ಕ 6,000ಕ್ಕೆ ಕೈ ಹಾಕಬಹುದು. ಏಕಪಕ್ಷೀಯ ಡಿಕ್ರಿ ಈಗಾಗಲೇ ಆಗಿದೆಯೆನ್ನುವವರೂ ಕೈಚೆಲ್ಲಬೇಡಿ. ಸಮನ್ಸು ಸರಿಯಾಗಿ ಜಾರಿಯಾಗಿರಲಿಲ್ಲ, ಅಥವಾ ಬರಲಾಗದಂಥ ನಿಜವಾದ ಕಾರಣವಿತ್ತು ಎಂದಾದರೆ ಅದನ್ನು ರದ್ದುಮಾಡಲು ಅರ್ಜಿ ಹಾಕಬಹುದು. ಅದಕ್ಕೆ 30 ದಿನ: ಡಿಕ್ರಿಯ ದಿನದಿಂದ, ಸಮನ್ಸು ಜಾರಿಯೇ ಆಗಿರದಿದ್ದರೆ ಡಿಕ್ರಿ ತಿಳಿದ ದಿನದಿಂದ.

ನಮ್ಮ ದಾವೆ ಏನಾಯಿತೆಂದು ಕೇಳುತ್ತೀರಿ. ನಾವು ಗೆಲ್ಲಲಿಲ್ಲ. ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಸಿಕ್ಕರು. ತಿಂಗಳುವಾರು ಲೆಕ್ಕ ತರಿಸಿದಾಗ ನಾವು ಕೇಳದ ವಿಮೆಯ ಕಂತುಗಳು ಅದರಲ್ಲಿದ್ದವು. ಎರಡು ಬಾರಿ ನಾವು ಕಟ್ಟಿದ್ದ ಹಣ ಜಮೆಯಾಗಿರಲಿಲ್ಲ. ಬಳಸಿದ ಹಣವನ್ನು ನಾವು ಮೊದಲ ದಿನವೇ ಒಪ್ಪಿಕೊಂಡಿದ್ದೆವು. 2024ರಲ್ಲಿ ಲೋಕ ಅದಾಲತ್ತಿನಲ್ಲಿ 52,000 ರೂಪಾಯಿಗೆ ರಾಜಿಯಾಯಿತು. ತಿಂಗಳಿಗೆ 4,000ದಂತೆ 13 ಕಂತು. ಕೊನೆಯ ಕಂತು ಕಟ್ಟಿದ ರಸೀತಿಯನ್ನು ಮಗಳ ಕೈಗೆ ಕೊಟ್ಟು ಓದಿಸಿದೆವು. ಅಮೀನರು ಬಂದ ದಿನ ಅಪ್ಪ ಒಳಗೇ ಇದ್ದ, ಹೆದರಿ ಅಡಗಿದ್ದ, ಅದು ತಪ್ಪು ಎಂದೂ ಹೇಳಿದೆವು. ಆಕೆಗೆ ಅದೆಲ್ಲ ನೆನಪಿತ್ತು.

ಸಂಗಾತಿಗಳೇ, ನಾವು ವಕೀಲರಲ್ಲ, ಎಸ್ಸೆಸ್ಸೆಲ್ಸಿ ಓದಿದವರು. ನಿಮ್ಮ ದಾವೆಯನ್ನು ನಡೆಸುತ್ತೇವೆಂದು ಹೇಳುವುದಿಲ್ಲ. ಆದರೆ ಓದಲು ಬರುತ್ತದೆ, ಲೆಕ್ಕ ಹಾಕಲು ಬರುತ್ತದೆ. ಪ್ರತಿ ಸಂತೆಯ ದಿನ ಸಂಜೆ ನಮ್ಮ ಕಚೇರಿಯಲ್ಲಿ ಕುಳಿತಿರುತ್ತೇವೆ. ಸಮನ್ಸು ಬಂದವರು ಕಾಗದ, ಬಿಲ್ಲು, ಕಟ್ಟಿದ ರಸೀತಿ, ಬ್ಯಾಂಕಿನ ಪಾಸುಪುಸ್ತಕ ಎಲ್ಲವನ್ನೂ ತನ್ನಿ. ಒಟ್ಟಿಗೆ ಕುಳಿತು ಓದೋಣ, ದಿನಗಳನ್ನು ಎಣಿಸೋಣ, ಉಚಿತ ವಕೀಲರ ಅರ್ಜಿಯನ್ನು ಬರೆಯೋಣ. ಮೊದಲ ಸಲ ಕೋರ್ಟಿಗೆ ಹೋಗುವವರ ಜೊತೆ ಒಬ್ಬರು ಬರುತ್ತೇವೆ, ಹೆಸರು ಕೂಗುವವರೆಗೆ ಪಕ್ಕದಲ್ಲಿ ಕುಳಿತಿರುತ್ತೇವೆ.

ತೆಗೆದುಕೊಂಡದ್ದನ್ನು ಕೊಡೋಣ. ಲೆಕ್ಕ ತೋರಿಸದೆ ಕೇಳಿದ್ದನ್ನು ಕೊಡುವುದು ಬೇಡ. ಯಾವುದು ಎಷ್ಟೆಂದು ತೀರ್ಮಾನವಾಗುವ ಕಡೆ ನಾವೂ ಇರಬೇಕು. ಅದಕ್ಕಾಗಿಯೇ ಆ ಕಾಗದ ಬರುತ್ತದೆ. ಬಾಗಿಲು ತೆರೆದು ತೆಗೆದುಕೊಳ್ಳಿ.